ಅಮೀರಬಾಯಿ ಕರ್ನಾಟಕಿ: ಬೀಳಗಿಯ ಒಂದು ಕಂಠ

ಪ್ರತಿ ವರ್ಷ ಸ್ನೇಹಸಮ್ಮೇಳನದ ದಿನಗಳು ಹತ್ತಿರ ಬಂದಂತೆ ನಮ್ಮ ಶಾಲೆಯ ಪಾಲಕರಲ್ಲಿ ಒಬ್ಬಿಬ್ಬರಾದರೂ ಬಂದು, ಸಂಕೋಚದಿಂದಲೇ, ಒಂದು ಪ್ರಶ್ನೆಯನ್ನು ಕೇಳಿ ಹೋಗುವದುಂಟು. “ಬಾಯಿಯವರೇ, ಮಗಳು ಪ್ರಾರ್ಥನೆಯ ಪದ ಹಾಡಲಿ, ನಮ್ಮದೇನೂ ತಕರಾರಿಲ್ಲ, ಆದರೆ ನಾಲ್ಕು ಜನರ ಮುಂದೆ ನಿಂತು ಸಿನೇಮಾದ ಹಾಡು ಹೇಳುವದು ಬೇಕೇ?” ಈ ಪ್ರಶ್ನೆಯನ್ನು ಕೇಳುವವರು ಒರಟರಲ್ಲ, ಅಜ್ಞರೂ ಅಲ್ಲ. ಅವರ ಮಾತಿನ ಹಿಂದೆ ನಮ್ಮ ಸೀಮೆಯ ನೂರಾರು ವರ್ಷಗಳ ರೂಢಿಯೊಂದು ನಿಂತಿದೆ. ಆ ರೂಢಿಯು ಎಂಥದು, ಅದರೊಡನೆ ಸೆಣಸಿ ಒಬ್ಬ ಹೆಣ್ಣುಮಗಳು ಎಷ್ಟು ದೂರ ನಡೆದಳು ಎಂಬದನ್ನು ನಮ್ಮ ನೆರೆಯೂರಿನ ಒಂದು ಉದಾಹರಣೆಯಿಂದಲೇ ತಿಳಿಸಬಹುದೆಂದು ಈ ಲೇಖನವನ್ನು ಬರೆಯತೊಡಗಿದ್ದೇನೆ. ಮಿಶನ್ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಚಿತ್ರಪಟದ ಗಾಯಕಿಯ ಚರಿತ್ರೆಯೇ ಎಂದು ಹುಬ್ಬೇರಿಸುವ ಹಳೆಯ ವಿದ್ಯಾರ್ಥಿನಿಯರು ತುಸು ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುವೆನು.

ಬೀಳಗಿ ಎಂಬ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಎರಡಿವೆ. ಒಂದು ಸಿದ್ದಾಪುರದ ಕಡೆಗೆ, ಮಲೆನಾಡಿನಲ್ಲಿ, ಹಿಂದೆ ಅರಸುಮನೆತನವೊಂದಕ್ಕೆ ರಾಜಧಾನಿಯಾಗಿದ್ದದ್ದು. ನಾನು ಹೇಳಹೊರಟದ್ದು ಅದನ್ನಲ್ಲ. ಕೃಷ್ಣಾ ಘಟಪ್ರಭೆಗಳ ನಡುವಣ ಬಯಲಿನಲ್ಲಿರುವ, ಜಮಖಂಡಿ ಮುಧೋಳಗಳಿಗೆ ನೆರೆಯಾದ, ನಮ್ಮ ಬೀಳಗಿಯನ್ನು. ಕಳೆದ ಶತಮಾನದ ಆರಂಭದಲ್ಲಿ ಈ ಊರಿನ ಬಡ ಮುಸಲ್ಮಾನ ಮನೆತನವೊಂದರಲ್ಲಿ ಅಮೀರಬಾಯಿಯವರು ಹುಟ್ಟಿದರು. ಹಾಡು ನಾಟಕಗಳ ಗಾಳಿ ಬೀಸುತ್ತಿದ್ದ ಮನೆಯದು. ಅಕ್ಕ ಗೋಹರಬಾಯಿಯವರಿಗೂ ಕಂಠವಿತ್ತು, ತಂಗಿಗೂ ಇತ್ತು. ಇಬ್ಬರೂ ಮುಂದೆ ಮುಂಬಯಿಗೆ ಹೋದರು. ಇಬ್ಬರೂ ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ಪದವನ್ನು ಸೇರಿಸಿಕೊಂಡರು. ಈ ಒಂದು ಪದದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ.

ಇಂದಿನ ಹುಡುಗಿಯರಿಗೆ ‘ಕರ್ನಾಟಕ’ವೆಂದರೆ ಭೂಗೋಲದ ಪುಸ್ತಕದಲ್ಲಿ ಬಣ್ಣ ತುಂಬಿದ ಒಂದು ಆಕೃತಿ. ಈ ಅಕ್ಕತಂಗಿಯರು ಬೆಳೆಯುತ್ತಿದ್ದ ಕಾಲಕ್ಕೆ ಅಂಥ ಆಕೃತಿಯು ಯಾವ ನಕಾಶೆಯಲ್ಲಿಯೂ ಇರಲಿಲ್ಲ. ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿ ಇಂಗ್ರೇಜರ ಆಳಿಕೆಯಲ್ಲಿತ್ತು. ಬನಹಟ್ಟಿಯು ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿ. ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ಸಾಂಗಲಿಯ ಸಂಸ್ಥಾನದಲ್ಲಿ. ಮುಧೋಳಕ್ಕೆ ಘೋರ್ಪಡೆ ಮಹಾರಾಜರು ಬೇರೆ. ಒಂದೇ ಮಗ್ಗದ ನೂಲು, ಒಂದೇ ರೊಟ್ಟಿಯ ಊಟ, ಒಂದೇ ಮಾತು. ಆದರೆ ಒಂದು ದಿವಸದ ಬಂಡಿಯ ಪ್ರಯಾಣದಲ್ಲಿ ಮೂರು ನಾಲ್ಕು ಸರಕಾರಗಳ ಗಡಿ ದಾಟಬೇಕಾಗುತ್ತಿತ್ತು. ಆಚೆಗೆ ನಿಜಾಮರ ಸೀಮೆ, ದಕ್ಷಿಣಕ್ಕೆ ಮೈಸೂರು, ಇನ್ನೂ ಕೆಲವು ಭಾಗಗಳು ಮದ್ರಾಸಿನಲ್ಲಿ. ‘ಕರ್ನಾಟಕ’ವೆಂಬದು ಆಗ ಒಂದು ಆಶೆಯ ಹೆಸರಾಗಿತ್ತು. ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ೧೯೧೭ರಲ್ಲಿ ಪ್ರಕಟಿಸಿದರು, ೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ವವನ್ನು ಒಪ್ಪಿತು. ಪಂಡಿತರೂ ವಕೀಲರೂ ಸಭೆಗಳಲ್ಲಿ ಚರ್ಚಿಸುತ್ತಿದ್ದ ಈ ಹೆಸರನ್ನು ಬೀಳಗಿಯ ಇಬ್ಬರು ಹಾಡುವ ಹೆಣ್ಣುಮಕ್ಕಳು ಮುಂಬಯಿಯ ಪೇಟೆಗೆ ಒಯ್ದು ತಮ್ಮ ಅಡ್ಡಹೆಸರನ್ನಾಗಿ ಮಾಡಿಕೊಂಡರೆಂಬದು ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ.

ಅಡ್ಡಹೆಸರಿಗೆ ಊರಿನ ಹೆಸರನ್ನೇ ಏಕೆ ಇಟ್ಟುಕೊಳ್ಳಬೇಕು? ಇದಕ್ಕೆ ಉತ್ತರವು ಸಂತೋಷದ್ದಲ್ಲ. ಆ ಕಾಲದ ಪ್ರಸಿದ್ಧ ಗಾಯಕಿಯರ ಹೆಸರುಗಳನ್ನು ಸಾಲಾಗಿ ಹೇಳಿ ನೋಡಿರಿ: ಗಂಗೂಬಾಯಿ ಹಾನಗಲ್, ಕೇಸರಬಾಯಿ ಕೇರಕರ, ಮೋಗೂಬಾಯಿ ಕುರ್ಡೀಕರ, ಹೀರಾಬಾಯಿ ಬಡೋದೇಕರ, ಜೋಹರಾಬಾಯಿ ಅಂಬಾಲೇವಾಲಿ. ಹಾನಗಲ್ಲು, ಕೇರಿ, ಕುರ್ಡಿ, ಬಡೋದೆ, ಅಂಬಾಲೆ, ಎಲ್ಲವೂ ಊರುಗಳೇ. ಹಾಡುವದನ್ನೇ ಕಸಬಾಗಿ ಮಾಡಿಕೊಂಡ ಮನೆತನಗಳಲ್ಲಿ ಮಗಳು ತಾಯಿಯ ಮಗಳೆಂದೇ ಗುರುತಿಸಲ್ಪಡುತ್ತಿದ್ದಳು; ತಂದೆಯ ಮನೆತನದ ಹೆಸರನ್ನು ಆಕೆಗೆ ಕೊಡುವ ಪದ್ಧತಿಯು ಹಲವು ಕಡೆಗೆ ಇರಲಿಲ್ಲ. ಕುಲವು ಕೊಡದ ಹೆಸರನ್ನು ಊರು ಕೊಡುತ್ತಿತ್ತು. ‘ಬಾಯಿ’ ಎಂಬ ಮಾತಾದರೂ ವಿಚಿತ್ರವೇ! ಶಾಲೆಯಲ್ಲಿ ನಮ್ಮನ್ನು ಬಾಯಿಯವರೇ ಎಂದು ಕರೆದರೆ ಅದು ಗೌರವ. ಹಾಡುವವಳ ಹೆಸರಿನ ಮುಂದೆ ಅದೇ ಮಾತು ಬಂದಾಗ ಕೇಳುವವರ ಮುಖದಲ್ಲಿ ಬೇರೊಂದು ಭಾವ ಮೂಡುತ್ತಿತ್ತು.

ಗಂಗೂಬಾಯಿ ಹಾನಗಲ್ಲರ ಬಾಲ್ಯದ ಒಂದು ಪ್ರಸಂಗವು ಇದನ್ನು ಎಷ್ಟು ಚೆನ್ನಾಗಿ ತಿಳಿಸುವದೋ, ನಾನು ಹತ್ತು ಪುಟ ಬರೆದರೂ ಅಷ್ಟು ತಿಳಿಸಲಾರೆನು. ೧೯೨೪ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿದಾಗ, ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಆ ಸಭೆಯಲ್ಲಿ, ಸ್ವಾಗತದ ಹಾಡು ಹೇಳಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬಳು. ಹಾಡಿನ ಮೇಲೆ ಎಲ್ಲರಿಗೂ ಮೆಚ್ಚುಗೆ. ಆ ಮಗುವಿನ ಮನಸ್ಸಿನಲ್ಲಿಯಾದರೋ, ತಾನು ಇಂಥ ಮನೆತನದವಳು, ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡ್ರಿಸುವರೋ ಏನೋ ಎಂಬ ಅಂಜಿಕೆ. ಇದನ್ನು ಅವರೇ ಮುಂದೆ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಕಂಠವು ಸಭೆಗೆ ಬೇಕು, ಹಾಡಿದವಳು ಪಂಕ್ತಿಗೆ ಬೇಡ: ಇದೇ ನಾನು ಮೊದಲು ಹೇಳಿದ ರೂಢಿ. ಪಾಲಕರ ಪ್ರಶ್ನೆಯ ಬೇರು ಇಲ್ಲಿದೆ. ಮಗಳು ಹಾಡಿದರೆ ಅವಳನ್ನು ಆ ಸಾಲಿನಲ್ಲಿ ಎಣಿಸುವರೇನೋ ಎಂಬ ಭಯ!

ಈ ವಿಷಯದಲ್ಲಿ ಮಿಶನ್ ಶಾಲೆಗಳು ಸದ್ದಿಲ್ಲದೆ ಒಂದು ಕೆಲಸವನ್ನು ಮಾಡಿವೆ ಎಂದು ಹೇಳಿದರೆ ಆತ್ಮಪ್ರಶಂಸೆಯಾಗಲಾರದು. ಕಿಟೆಲ್ ಪಂಡಿತರು ನಿಘಂಟಿಗಿಂತ ಮೊದಲೇ, ೧೮೬೨ರಲ್ಲಿ, ಯೇಸುಸ್ವಾಮಿಯ ಚರಿತ್ರೆಯನ್ನು ಈ ನಾಡಿನ ಹಾಡುಗಬ್ಬದ ರೀತಿಯಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ಬರೆದರು. ಮಿಶನ್ ಶಾಲೆಗಳಲ್ಲಿ ಬಾಜಾಪೆಟ್ಟಿಗೆಯ ಸುತ್ತಲೂ ನಿಂತು ಎಲ್ಲ ಮನೆತನದ ಹುಡುಗಿಯರು ಒಂದೇ ಸ್ವರದಲ್ಲಿ ಹಾಡತೊಡಗಿದಾಗ, ಹಾಡುವದು ಒಂದು ಜಾತಿಯ ಕಸಬೆಂಬ ಭಾವನೆಯು ಅಷ್ಟರ ಮಟ್ಟಿಗೆ ಸಡಿಲಾಯಿತು. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಹಾಡಿದ್ದು ಜನರೆಲ್ಲರ ಮುಂದೆಯೇ ಅಲ್ಲವೇ? ಆದರೆ ಬೀಳಗಿಯ ಆ ಮನೆಗೆ ಇಂಥ ಶಾಲೆಯ ಆಸರೆ ಎಲ್ಲಿಂದ ಬರಬೇಕು? ಅಲ್ಲಿಯ ಹುಡುಗಿಯರಿಗೆ ಹಾಡು ಸಿಕ್ಕಿದ್ದು ಮನೆಯಿಂದ, ಓಣಿಯಿಂದ.

ಆ ಓಣಿಯ ಸಂಗೀತವೇನೂ ಬಡವಾಗಿರಲಿಲ್ಲ. ಈ ಸೀಮೆಯಲ್ಲಿ ಹಾಡಿಲ್ಲದ ಕೆಲಸವೇ ಇಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರ ತ್ರಿಪದಿ. ಶ್ರಾವಣದಲ್ಲಿ ಗುಡಿಯ ಭಜನೆ. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿಯೇ ಹೇಳುವ ಕರ್ಬಲದ ಪದಗಳು, ಅವೂ ಕನ್ನಡದಲ್ಲಿಯೇ. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತವಂತೂ ಇದೇ ನೆಲದ ಬೆಳೆ. ಗೋಕಾವಿಯ ಕಡೆಯ ಕುಲಗೋಡದ ತಮ್ಮಣ್ಣನು ಅದನ್ನು ಆಟಕ್ಕೆ ಅಳವಡಿಸಿದನು. ಕೌಜಲಗಿಯ ನಿಂಗಮ್ಮನು ಗಂಡಸರ ನಡುವೆ ನಿಂತು ಅದನ್ನು ಆಡಿ ಹಾಡಿ ಹೆಸರುವಾಸಿಯಾದಳು. ಇದಲ್ಲದೆ ವೃತ್ತಿನಾಟಕದ ಕಂಪನಿಗಳು ಕನ್ನಡ ಮರಾಠಿಗಳೆರಡರಲ್ಲಿಯೂ ಊರಿಂದೂರಿಗೆ ಬರುತ್ತಿದ್ದವು. ಅವುಗಳ ರಂಗಗೀತೆಗಳು ಕಂಪನಿಯು ಡೇರೆ ಕಿತ್ತ ಮೇಲೆಯೂ ಊರಿನಲ್ಲಿ ಉಳಿಯುತ್ತಿದ್ದವು. ಇಂಥ ಕಡೆಗೆ ಬೆಳೆದ ಕಿವಿಗೆ ಹಲವು ಭಾಷೆಯ, ಹಲವು ಮತದ ಧಾಟಿಗಳು ತಾವಾಗಿಯೇ ಒಗ್ಗುವವು. ಮುಂದೆ ಅಮೀರಬಾಯಿಯವರು ಹಿಂದಿ, ಉರ್ದು, ಗುಜರಾತಿಗಳಲ್ಲಿ ಆಯಾ ಜನರಿಗೆ ಪರಕೀಯವೆನಿಸದಂತೆ ಹಾಡಿದುದರ ಗುಟ್ಟು ಇದೇ ಎಂದು ನನ್ನ ಎಣಿಕೆ.

ಕಂಠವಿದ್ದರೂ ಬೀಳಗಿಯಲ್ಲಿ ಅನ್ನವಿರಲಿಲ್ಲ. ಊರಿಗೆ ರೇಲ್ವೆ ಇಲ್ಲ. ಗದಗಿನಿಂದ ಬಾಗಲಕೋಟೆ ವಿಜಾಪುರಗಳ ಮೇಲಿಂದ ಹೊಟಗಿಗೆ ಹೋಗುವ ಚಿಕ್ಕ ಗಾಡಿಯನ್ನು ಹಿಡಿದು, ಅಲ್ಲಿಂದ ಸೊಲ್ಲಾಪುರದ ದೊಡ್ಡ ಗಾಡಿಗೆ ಬದಲಾಯಿಸಿದರೆ ಮುಂಬಯಿ. ಈ ಮಾರ್ಗವಾಗಿ ನಮ್ಮ ಜಿಲ್ಲೆಯ ಎಷ್ಟು ಜನರು ಗಿರಣಿಯ ಕೆಲಸಕ್ಕೆ ಹೋಗಿಲ್ಲ! ಗೋಹರಬಾಯಿಯವರು ಮೊದಲು ಹೋದರು; ಹದಿಹರೆಯದ ಅಮೀರಬಾಯಿಯವರು ಅಕ್ಕನ ಬೆನ್ನ ಹಿಂದೆ ಹೋದರು. ಅಕ್ಕನ ಕಥೆಯು ಬೇರೊಂದು ಲೇಖನಕ್ಕೆ ತಕ್ಕುದು. ಅವರು ಮರಾಠಿ ರಂಗಭೂಮಿಯ ಚಕ್ರವರ್ತಿಗಳೆನಿಸಿದ ಬಾಲಗಂಧರ್ವರ ಕಂಪನಿಯನ್ನು ಸೇರಿ, ಅದುವರೆಗೆ ಬಾಲಗಂಧರ್ವರೇ ಆಡುತ್ತಿದ್ದ ಸ್ತ್ರೀಪಾತ್ರಗಳನ್ನು ತಾವು ಆಡಿದರು. ೧೯೫೧ರಲ್ಲಿ ಅವರಿಬ್ಬರ ವಿವಾಹವಾಯಿತು. ಮರಾಠಿಯ ರಸಿಕರಲ್ಲಿ ಅನೇಕರು ಗೋಹರಬಾಯಿಯವರನ್ನು ಕ್ಷಮಿಸಲಿಲ್ಲ. ಹೊರನಾಡಿನವಳು, ಅನ್ಯಮತದವಳು, ಹಾಡುವವಳು ಎಂದು ಮೂರು ತಪ್ಪು ಅವರ ಮೇಲೆ.

ಇನ್ನು ತಂಗಿಯ ವಿಷಯ. ಅಮೀರಬಾಯಿಯವರಿಗೆ ಮೊದಲು ಕೈ ಹಿಡಿದದ್ದು ಗ್ರಾಮಾಫೋನು. ಈ ಯಂತ್ರವನ್ನು ಕಾಣದ ಹುಡುಗಿಯರಿಗಾಗಿ ಎರಡು ಮಾತು. ಅರಗಿನಿಂದ ಮಾಡಿದ, ಊಟದ ತಟ್ಟೆಯಷ್ಟಗಲದ ಕರಿಯ ಫಲಕ. ಅದಕ್ಕೆ ನಮ್ಮ ಕಡೆಗೆ ‘ತಬಕಡಿ’ ಎನ್ನುತ್ತಿದ್ದರು. ಕೀಲಿ ಕೊಟ್ಟ ಪೆಟ್ಟಿಗೆಯ ಮೇಲೆ ಅದು ಒಂದು ನಿಮಿಷಕ್ಕೆ ೭೮ ಸುತ್ತು ತಿರುಗುವದು. ಉಕ್ಕಿನ ಸೂಜಿಯು ಅದರ ಗೀರಿನಲ್ಲಿ ಓಡುವದು. ಮೂರು ನಿಮಿಷ ಆಗುವಷ್ಟರಲ್ಲಿ ಹಾಡು ಮುಗಿದು, ಮಗ್ಗುಲು ತಿರುವಿ ಹಾಕಬೇಕಾಗುವದು. ರಾತ್ರಿಯೆಲ್ಲ ರಾಗವನ್ನು ಹಿಗ್ಗಿಸಿ ಹಾಡುವವರಿಗೆ ಈ ಮೂರು ನಿಮಿಷವು ಶಿಕ್ಷೆಯಾಗಿತ್ತು. ಓಣಿಯ ಪದ, ರಂಗಗೀತೆಗಳಲ್ಲಿ ಪಳಗಿದವರಿಗೆ ವರವಾಯಿತು. ಹಾಡಿನ ಸಾರವನ್ನು ಥಟ್ಟನೆ ಮುಟ್ಟಿಸುವದು ಅವರಿಗೆ ಮೊದಲೇ ಗೊತ್ತು. ತೀರ ಹಳೆಯ ತಬಕಡಿಗಳಲ್ಲಿ ಹಾಡು ಮುಗಿದೊಡನೆ ಗಾಯಕಿಯು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಕಲಕತ್ತೆಯ ಗೋಹರ್ ಜಾನರು ೧೯೦೨ರಲ್ಲಿ ಹಾಗೆ ಹೇಳಿದ್ದು ಇಂದಿಗೂ ಕೇಳಸಿಗುವದು. ೧೯೨೫ರ ಸುಮಾರಿಗೆ ವಿದ್ಯುತ್ತಿನ ಮೈಕು ಬಂದ ಮೇಲೆ ಕಿರುಚಿ ಹಾಡಬೇಕಾದ ಅವಶ್ಯಕತೆ ಹೋಯಿತು. ಮೆಲುದನಿಗೂ ಬೆಲೆ ಬಂದಿತು. ಎಚ್.ಎಮ್.ವಿ. ಕಂಪನಿಗಾಗಿ ಅಮೀರಬಾಯಿಯವರು ಹಾಡಿದ ಒಂದು ಕವ್ವಾಲಿಯು ಜನರ ಬಾಯಲ್ಲಿ ನಿಂತಿತು.

೧೯೩೧ರಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ಎಂಬ ಮೊದಲ ಮಾತಿನ ಚಿತ್ರಪಟವು ತೆರೆಕಂಡಿತು. ಆಗ ನಟಿಯಾದವಳು ತಾನೇ ಹಾಡಬೇಕು. ಹಾಡು ಬಾರದವಳಿಗೆ ಮುಖ್ಯಪಾತ್ರವಿಲ್ಲ. ಅಮೀರಬಾಯಿಯವರು ೧೯೩೪ರ ‘ವಿಷ್ಣುಭಕ್ತಿ’ಯಲ್ಲಿ ಒಂದು ಚಿಕ್ಕ ಪಾತ್ರದಿಂದ ಆರಂಭಿಸಿದರು. ಮುಂದಿನ ವರುಷವೇ ಕಲಕತ್ತೆಯ ನ್ಯೂ ಥಿಯೇಟರ್ಸದವರು ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರ ತೆಗೆಯುವಾಗ ನಟರು ಬರಿಯ ತುಟಿಯಾಡಿಸುವ ಯುಕ್ತಿಯನ್ನು ಬಳಕೆಗೆ ತಂದರು. ಇದಕ್ಕೆ ಹಿನ್ನೆಲೆ ಗಾಯನವೆಂದು ಹೆಸರು. ಇದರಿಂದ ರೂಪವೂ ಕಂಠವೂ ಬೇರೆಬೇರೆಯಾದವು. ಒಬ್ಬಳು ತೆರೆಯ ಮೇಲೆ ಮಿಂಚುವಳು, ಮತ್ತೊಬ್ಬಳು ಕತ್ತಲಲ್ಲಿ ನಿಂತು ಹಾಡುವಳು. ಎಷ್ಟೋ ಸಲ ತಬಕಡಿಯ ಚೀಟಿಯ ಮೇಲೆ ಹಾಡಿದವಳ ಹೆಸರಿಗೆ ಬದಲಾಗಿ ಚಿತ್ರದ ಪಾತ್ರದ ಹೆಸರನ್ನೇ ಅಚ್ಚು ಹಾಕುತ್ತಿದ್ದರು. ಹೆಸರಿಗಾಗಿ ಇಷ್ಟು ದೂರ ಬಂದವರಿಗೆ ಇದೆಂಥ ಪರೀಕ್ಷೆ!

ಕೆಲವು ವರುಷಗಳ ಸಣ್ಣಪುಟ್ಟ ಕೆಲಸದ ತರುವಾಯ ಅಮೀರಬಾಯಿಯವರ ದಿನಗಳು ಬಂದವು. ಮೊದಲು ‘ನರಸೀ ಭಗತ್’. ೧೯೪೦ರಲ್ಲಿ ಪ್ರಕಾಶ ಪಿಕ್ಚರ್ಸದ ವಿಜಯ ಭಟ್ಟರು ಗುಜರಾತದ ಭಕ್ತಕವಿ ನರಸೀ ಮೆಹತಾನ ಚರಿತ್ರೆಯನ್ನು ಚಿತ್ರವನ್ನಾಗಿ ಮಾಡಿದರು. ನರಸೀ ಮೆಹತಾನೆಂದರೆ ‘ವೈಷ್ಣವ ಜನತೋ’ ಪದವನ್ನು ಬರೆದವನು. ಅದು ಸಾಬರಮತಿಯ ಆಶ್ರಮದ ಪ್ರಾರ್ಥನೆಯಲ್ಲಿ ಸೇರಿ ದೇಶಕ್ಕೆಲ್ಲ ಪರಿಚಿತವಾಗಿತ್ತು. ಆ ಪದವನ್ನು ಅಮೀರಬಾಯಿಯವರು ಹಾಡಿದರು. ಅವರ ಗಾಯನವನ್ನು ಗಾಂಧೀಜಿಯವರು ಮೆಚ್ಚಿಕೊಂಡಿದ್ದರೆಂಬ ಮಾತು ಅಂದಿನಿಂದಲೂ ಪ್ರಚಲಿತವಾಗಿದೆ. ಪರರ ನೋವನ್ನು ಅರಿಯುವವನೇ ಭಕ್ತನೆಂಬದು ಆ ಪದದ ಅಭಿಪ್ರಾಯ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಕಲಿಸುವ ಮಾತಿಗೂ ಅದಕ್ಕೂ ಎಷ್ಟು ಅಂತರ? ಗುಜರಾತಿಯ ವೈಷ್ಣವ ಪದ, ಬೀಳಗಿಯ ಮುಸಲ್ಮಾನ ಹೆಣ್ಣುಮಗಳ ಕಂಠ, ಕೇಳಿ ಕಣ್ಣೊದ್ದೆ ಮಾಡಿಕೊಂಡವರು ಎಲ್ಲ ಮತದವರು. ಮೊಹರಮ್ಮಿನ ಪದವನ್ನು ಲಿಂಗವಂತರ ಹುಡುಗರು ಹೇಳುವ ಊರಿನಿಂದ ಬಂದವರಿಗೆ ಇದರಲ್ಲಿ ಆಶ್ಚರ್ಯವೆನಿಸಿರಲಾರದು.

ಬಳಿಕ ೧೯೪೩ರ ‘ಕಿಸ್ಮತ್’. ಬಾಂಬೇ ಟಾಕೀಜದವರ ಚಿತ್ರ. ಅನಿಲ ಬಿಸ್ವಾಸರ ಸಂಗೀತ. ಪ್ರದೀಪ ಕವಿಯ ಹಾಡುಗಳು. ಕಲಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲಿಯೇ ಅದು ಮೂರು ವರುಷಕ್ಕೂ ಮೇಲ್ಪಟ್ಟು ನಡೆಯಿತು. ಕಥಾನಾಯಕಿಯು ಕುಂಟಿಯಾದ ಬಡ ಗಾಯಕಿ. ಆ ಪಾತ್ರವನ್ನು ಮುಮ್ತಾಜ ಶಾಂತಿಯವರು ಆಡಿದರು, ಕಂಠವು ಅಮೀರಬಾಯಿಯವರದು. ಮೋಡಗಳಿಗೆ ಮೆಲ್ಲನೆ ಬಾ ಎಂದು ಹೇಳುವ ಒಂದು ಹಾಡು, ಕೃಷ್ಣನಿಗೆ ಮೊರೆಯಿಡುವ ಒಂದು ಹಾಡು, ಎರಡನ್ನೂ ಕೇಳಿದವರಿಗೆ ಅವರ ಗಾಯನದ ಬಗೆಯು ತಿಳಿಯುವದು. ತಾನಬಾಜಿಯಿಲ್ಲ, ಪಾಂಡಿತ್ಯದ ಪ್ರದರ್ಶನವಿಲ್ಲ. ಮಾತನ್ನು ಸ್ಪಷ್ಟವಾಗಿ ಆಡಿ, ಸಾಲಿನ ಕೊನೆಯಲ್ಲಿ ಸ್ವರವನ್ನು ತುಸು ಬಳುಕಿಸಿ ಬಿಟ್ಟುಬಿಡುವರು. ದನಿಯಲ್ಲಿ ಒಂದು ಸಣ್ಣ ಒಡಕಿನಂಥ ಕಸುವಿದೆ, ಬಯಲುಸೀಮೆಯ ದನಿಗಳಲ್ಲಿ ಇರುವಂಥದು. ಮುಂದಿನ ಕಾಲದ ನುಣುಪಾದ ಕಂಠಗಳಿಗೆ ಒಗ್ಗಿದವರಿಗೆ ಇದು ಮೊದಲು ಒರಟಾಗಿ ಕೇಳಬಹುದು. ಎರಡನೆಯ ಸಲ ಕೇಳಿರಿ ಎಂದು ನಾನು ಹೇಳುವೆನು.

ಅದೇ ಚಿತ್ರದಲ್ಲಿ ಖಾನ್ ಮಸ್ತಾನಾ ಮುಂತಾದವರೊಡನೆ ಅಮೀರಬಾಯಿಯವರು ಹಾಡಿದ ಒಂದು ಮೇಳಗೀತವಿದೆ. ೧೯೪೨ರ ಅಗಸ್ಟಿನ ‘ಚಲೇಜಾವ್’ ಚಳವಳಿಯ ಬೆಂಕಿಯು ಇನ್ನೂ ಆರಿರಲಿಲ್ಲ, ಮುಂದಾಳುಗಳು ಸೆರೆಮನೆಯಲ್ಲಿದ್ದರು, ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಗ ತೆರೆಯ ಮೇಲಿಂದ, ಹಿಂದುಸ್ಥಾನವು ನಮ್ಮದು, ಪರರೆಲ್ಲ ದೂರ ಸರಿಯಲಿ ಎಂಬ ಅರ್ಥದ ಹಾಡು ಮೊಳಗಿತು. ಸರಕಾರದ ಪರೀಕ್ಷಕರು ಅದನ್ನು ಹೇಗೆ ಬಿಟ್ಟರು? ಕವಿಯು ಜಾಣನು. ಹಾಡಿನಲ್ಲಿ ಜರ್ಮನರ ಮತ್ತು ಜಪಾನಿಗಳ ಹೆಸರನ್ನು ತಂದಿದ್ದನು. ಯುದ್ಧಕಾಲವಾದ್ದರಿಂದ ಅದು ಶತ್ರುಗಳ ವಿರುದ್ಧದ ಹಾಡೆಂದು ಪರೀಕ್ಷಕರು ತಿಳಿದರು. ಪ್ರೇಕ್ಷಕರಿಗೆ ಮಾತ್ರ ಯಾರು ಸರಿಯಬೇಕೆಂಬದು ಚೆನ್ನಾಗಿ ತಿಳಿದಿತ್ತು. ಸರಕಾರಕ್ಕೆ ಅರ್ಥವಾಗುವಷ್ಟರಲ್ಲಿ ಹಾಡು ಊರೂರಿಗೆ ಹಬ್ಬಿತ್ತು. ಪ್ರದೀಪರು ಕೆಲಕಾಲ ತಲೆಮರೆಸಿಕೊಂಡಿರಬೇಕಾಯಿತೆಂದು ಹೇಳುವರು. ಸಭೆಯ ಪಂಕ್ತಿಗೆ ಬೇಡವಾದ ಸಾಲಿನವಳೊಬ್ಬಳು ಹೀಗೆ ದೇಶದ ಬಾಯಾದಳು.

ಇದಾದ ಮೇಲೆ ಐದಾರು ವರುಷಗಳವರೆಗೆ ಅಮೀರಬಾಯಿಯವರ ಹೆಸರಿಲ್ಲದ ಪೇಟೆಯಿಲ್ಲ. ನೌಶಾದರ ‘ರತನ್’ (೧೯೪೪), ಸಿ. ರಾಮಚಂದ್ರರ ‘ಶಹನಾಯಿ’ (೧೯೪೭) ಮೊದಲಾದವುಗಳ ಹಾಡುಗಳು ಎಲ್ಲರಿಗೂ ಬರುತ್ತಿದ್ದವು. ೧೯೪೬ರ ‘ರಾಣಕದೇವಿ’ ಎಂಬ ಗುಜರಾತಿ ಚಿತ್ರದಲ್ಲಿ, ತನ್ನ ಹಳ್ಳ��ಗೆ ಬರಬೇಕೆಂದು ಕರೆಯುವ ಒಂದು ಹಾಡು ಅವರದು. ಗುಜರಾತದ ಜನರು ಅದನ್ನು ಇಂದಿಗೂ ತಮ್ಮ ಮನೆಯ ಹಾಡೆಂದೇ ಎಣಿಸುವರು. ಹಾಡಿದವಳ ಹಳ್ಳಿಯು ಕೃಷ್ಣಾತೀರದ್ದೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದ್ದೀತು!

೧೯೪೮ರಲ್ಲಿ ಅವರು ‘ಶಹನಾಜ್’ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಇದನ್ನು ಸಣ್ಣ ಸಂಗತಿಯೆಂದು ತಿಳಿಯಬಾರದು. ಆ ಕಾಲಕ್ಕೆ ಈ ಕೆಲಸವನ್ನು ಮಾಡಿದ ಸ್ತ್ರೀಯರು ಜದ್ದನಬಾಯಿ, ಬಾಂಬೇ ಟಾಕೀಜದ ಸರಸ್ವತಿದೇವಿ ಮುಂತಾದ ಬೆರಳೆಣಿಕೆಯವರು. ಹಾಡುವವಳು ಹೇಳಿದಂತೆ ಕೇಳಬೇಕು. ಸಂಗೀತ ನಿರ್ದೇಶಕಿಯು ವಾದ್ಯಗಾರರ ಮೇಳಕ್ಕೆಲ್ಲ ಹೇಳಬೇಕು. ಸಾರಂಗಿ, ತಬಲಾ, ಪಿಟೀಲು, ಕ್ಲಾರಿಯೊನೆಟ್ ಹಿಡಿದು ಕುಳಿತ ಗಂಡಸರ ಮುಂದೆ ನಿಂತು, ಹೀಗಲ್ಲ ಹೀಗೆ ಎಂದು ತಿದ್ದುವ ಅಧಿಕಾರವದು. ನಮ್ಮ ತರಗತಿಯಲ್ಲಿ ಬೆಳೆದ ಗಂಡುಹುಡುಗರನ್ನು ತಿದ್ದುವದೇ ಎಷ್ಟು ಕಠಿಣವೆಂಬದನ್ನು ಬಲ್ಲ ಶಿಕ್ಷಕಿಯರಿಗೆ ಇದರ ಭಾರವು ತಿಳಿಯುವದು.

ಅವರ ಮನೆಯ ಬಾಳ್ವೆಯನ್ನು ಕುರಿತು ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಒಬ್ಬ ಚಿತ್ರನಟನೊಡನೆ ಆದ ಮೊದಲ ವಿವಾಹವು ಸುಖದ್ದಾಗಲಿಲ್ಲ. ಬಹಳ ಕಷ್ಟಪಟ್ಟು ಅದರಿಂದ ಬಿಡುಗಡೆ ಪಡೆದರು. ನಾಲ್ಕು ದಿಕ್ಕಿನಲ್ಲಿಯೂ ಹೆಸರುಗಳಿಸಿದ, ತನ್ನ ಸಂಪಾದನೆಯಿಂದ ತಾನು ಬಾಳುತ್ತಿದ್ದ ಸ್ತ್ರೀಗೂ ಮನೆಯ ಬಾಗಿಲೊಳಗೆ ರಕ್ಷಣೆಯಿರಲಿಲ್ಲವೆಂಬಷ್ಟನ್ನು ತಾಯಂದಿರು ಗಮನಿಸಿದರೆ ಸಾಕು. ತರುವಾಯ ಪತ್ರಿಕಾಸಂಪಾದಕರಾದ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿಯನ್ನು ಕಂಡರು.

೧೯೪೯ರ ಸುಮಾರಿಗೆ ಗಾಳಿ ಬದಲಾಯಿತು. ಲತಾ ಮಂಗೇಶಕರರ ಎಳೆಯ, ಎತ್ತರದ, ನೂಲಿನಂತೆ ಸಣ್ಣಗಿನ ಕಂಠವು ‘ಮಹಲ್’, ‘ಬರಸಾತ್’ ಚಿತ್ರಗಳಿಂದ ಜನರನ್ನು ಸೆರೆಹಿಡಿಯಿತು. ಹಳೆಯ ಗಾಯಕಿಯರ ತುಂಬಿದ ದನಿಗಳು ಒಂದೊಂದಾಗಿ ಹಿಂದೆ ಸರಿದವು. ಜೋಹರಾಬಾಯಿಯವರು ಮೌನವಾದರು, ಅಮೀರಬಾಯಿಯವರು ಮಾತ್ರ ಕುಳಿತು ಕೊರಗಲಿಲ್ಲ. ಹಾಡಿಗೆ ಕರೆಯುವದು ಕಡಿಮೆಯಾದಾಗ ತಾಯಿ, ಅತ್ತೆ, ನೆರೆಮನೆಯವಳು ಮುಂತಾದ ಪೋಷಕ ಪಾತ್ರಗಳನ್ನು ಒಪ್ಪಿಕೊಂಡು ನಟಿಯಾಗಿ ಕೆಲಸ ಮಾಡಿದರು. ಮೂವತ್ತರ ದಶಕದಲ್ಲಿ ಎಲ್ಲಿಂದ ಆರಂಭಿಸಿದ್ದರೋ ಆ ಚಿಕ್ಕ ಪಾತ್ರಗಳಿಗೇ ತಿರುಗಿ ಬಂದಂತಾಯಿತು. ದುಡಿಮೆಯನ್ನು ಕೀಳೆಂದು ಎಣಿಸದ ಜನರ ಮಗಳು.

ಗಳಿಸಿದ ಹಣವನ್ನು ಏನು ಮಾಡಿದರು? ಚಿತ್ರಪಟದ ಲೋಕದಲ್ಲಿ ಗಳಿಸಿದ್ದು ಅಲ್ಲಿಯೇ ಕರಗಿಹೋದ ಉದಾಹರಣೆಗಳು ಬೇಕಾದಷ್ಟಿವೆ. ಅಮೀರಬಾಯಿಯವರು ತಮ್ಮ ಜಿಲ್ಲೆಯ ಮುಖ್ಯಸ್ಥಳವಾದ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಒಂದು ಚಿತ್ರಮಂದಿರವನ್ನು ಕಟ್ಟಿಸಿಕೊಟ್ಟರು. ಅದೇ ಅಮೀರ ಟಾಕೀಜ. ಮೇಲ್ನೋಟಕ್ಕೆ ಇದು ವ್ಯಾಪಾರ. ಧರ್ಮಛತ್ರವೂ ಅಲ್ಲ, ದವಾಖಾನೆಯೂ ಅಲ್ಲ. ಆದರೂ ಇದನ್ನು ಊರಿನ ಋಣ ತೀರಿಸಿದ ಕಾರ್ಯವೆಂದೇ ನಾನು ಎಣಿಸುವೆನು. ಬರಗಾಲದ ಜಿಲ್ಲೆಯೆಂದು ಹೆಸರಾದ ಸೀಮೆಯಲ್ಲಿ ಟಾಕೀಜವೆಂದರೆ ಏನೆಂಬದನ್ನು ವಯಸ್ಸಾದವರನ್ನು ಕೇಳಬೇಕು. ಹಳ್ಳಿಯ ಜನರು ಸಂತೆಗೋ, ಕೋರ್ಟು ಕಚೇರಿಗೋ ಬಂದಾಗ ಬುತ್ತಿ ಕಟ್ಟಿಕೊಂಡು ಚಿತ್ರ ನೋಡಿಹೋಗುವರು. ಬಾಗಿಲು ಕಾಯುವವನು, ಚೀಟಿ ಕೊಡುವವನು, ಯಂತ್ರ ನಡೆಸುವವನು, ಭಿತ್ತಿಪತ್ರ ಹಚ್ಚುವವನು, ಹೊರಗೆ ಚಹಾ ಮಾರುವವನು, ಇಷ್ಟು ಸಂಸಾರಗಳಿಗೆ ಅನ್ನ. ನಮ್ಮ ಕಡೆಯ ಟಾಕೀಜಗಳಲ್ಲಿ ಹೆಂಗಸರಿಗೆ ಬೇರೆ ಆಸನಗಳ ಏರ್ಪಾಡಿರುತ್ತಿದ್ದುದರಿಂದ, ಜಾತ್ರೆ ಮದುವೆಗಳ ಹೊರತು ಹೊಸ್ತಿಲು ದಾಟದ ಎಷ್ಟೋ ಗೃಹಿಣಿಯರು ಮೂರು ತಾಸು ಬೇರೊಂದು ಲೋಕವನ್ನು ಕಂಡು ಬರುವಂತಾಯಿತು.

ಹೆಸರಿನ ಮಾತನ್ನು ಇಲ್ಲಿಯೂ ಮರೆಯಬಾರದು. ಆ ಪಟ್ಟಣದಲ್ಲಿ ಸುಲ್ತಾನರ ಹೆಸರಿನ ಗುಮ್ಮಟ ಕಮಾನುಗಳಿಗೆ ಕೊರತೆಯಿಲ್ಲ. ಅವುಗಳ ನಡುವೆ, ಹಾಡಿ ಗಳಿಸಿದ ಹಣದಿಂದ, ಹಾಡುವ ಮನೆತನದ ಒಬ್ಬ ಸ್ತ್ರೀಯು ತನ್ನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕಟ್ಟಡದ ಮೇಲೆ ಬರೆಯಿಸಿದಳು. ತಬಕಡಿಯ ಚೀಟಿಯ ಮೇಲೆ ಬಾರದಿದ್ದ ಹೆಸರು ಬೀದಿಯ ಮೇಲೆ ಬಂದಿತು. ಟಾಂಗಾದವರಿಗೆ “ಅಮೀರ ಟಾಕೀಜಿಗೆ ನಡಿ” ಎಂದು ಹೇಳಿದವರೆಲ್ಲ, ಬಲ್ಲರೋ ಇಲ್ಲವೋ, ಅವಳ ಹೆಸರನ್ನು ಹೇಳಿದಂತಾಯಿತು.

ಇಷ್ಟಾದರೂ ಕನ್ನಡಿಗರು ಅವರನ್ನು ನೆನೆಯಲು ಬಹಳ ತಡಮಾಡಿದರು. ಪ್ರೊ. ರಹಮತ್ ತರೀಕೆರೆಯವರು ಊರೂರು ತಿರುಗಿ, ಬಂಧುಗಳನ್ನೂ ಹಳೆಯ ತಬಕಡಿಗಳನ್ನೂ ಹುಡುಕಿ ಅಮೀರಬಾಯಿಯವರ ಜೀವನಚರಿತ್ರೆಯನ್ನು ಬರೆದ ಮೇಲೆ ನಮ್ಮಲ್ಲಿ ಅನೇಕರಿಗೆ ಇವರು ನಮ್ಮ ಜಿಲ್ಲೆಯವರೆಂಬದು ತಿಳಿಯಿತು. ‘ಕನ್ನಡ ಕೋಗಿಲೆ’ ಎಂದು ಅವರನ್ನು ಕರೆದರೆಂಬದೇನೋ ನಿಜ. ಆದರೆ ಹೊಗಳಿದ ಹೊರನಾಡಿನವರು ಹೆಚ್ಚು, ವಿಚಾರಿಸಿದ ಒಳನಾಡಿನವರು ಕಡಿಮೆ.

ಶಾಲೆಯ ಸಮ್ಮೇಳನದಲ್ಲಿ ಹಾಡಬೇಕೋ ಬೇಡವೋ ಎಂಬದನ್ನು ಪಾಲಕರೇ ನಿರ್ಣಯಿಸಲಿ. ಅದು ಅವರ ಅಧಿಕಾರ. ನಮ್ಮ ಸಂಗೀತದ ಕೋಣೆಯಲ್ಲಿ ಮಾತ್ರ ಈ ವರುಷ ‘ನರಸೀ ಭಗತ್’ದ ಪದವನ್ನು ಹುಡುಗಿಯರಿಗೆ ಕೇಳಿಸಿ, ಹಾಡಿದವರು ಯಾರು, ಎಲ್ಲಿಯವರು ಎಂದು ಹೇಳಲಿದ್ದೇವೆ. ಬೀಳಗಿಯ ಕಡೆಯಿಂದ ಬರುವ ಮಕ್ಕಳಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸುವೆವು.

ಅಮೀರಬಾಯಿಯವರಿಗೆ ಪಾರ್ಶ್ವವಾಯು ಬಡಿದು, ಕೆಲವೇ ದಿನಗಳಲ್ಲಿ, ೧೯೬೫ನೆಯ ಇಸವಿ ಮಾರ್ಚ್ ೩ರಂದು ಮುಂಬಯಿಯಲ್ಲಿ ದೇಹಾಂತವಾಯಿತು. ಅಕ್ಕ ಗೋಹರಬಾಯಿಯವರು ಹಿಂದಿನ ವರುಷವೇ ತೀರಿಕೊಂಡಿದ್ದರು. ಅಮೀರಬಾಯಿಯವರ ಶರೀರವನ್ನು ವಿಜಾಪುರಕ್ಕೆ ತಂದು ಅಲ್ಲಿಯ ಮಣ್ಣಿನಲ್ಲಿ ಸಮಾಧಿ ಮಾಡಿದರು. ಕನ್ನಡ ಸೀಮೆಗಳು ೧೯೫೬ರಲ್ಲಿ ಒಂದಾಗಿದ್ದರೂ ಆ ದಿನ ಈ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಅದಕ್ಕೆ ಕರ್ನಾಟಕವೆಂದು ನಾಮಕರಣವಾದದ್ದು ೧೯೭೩ನೆಯ ಇಸವಿ ನವೆಂಬರ್ ೧ರಂದು, ‘ಕರ್ನಾಟಕಿ’ಯವರು ಮಣ್ಣಾಗಿ ಎಂಟು ವರುಷಗಳ ಮೇಲೆ.